ಮಟಮಟ ಮಧ್ಯಾಹ್ನದ ದೆವ್ವಗಳು

ಆ ಅಮಾಸಿಯ ಮಧ್ಯಾಹ್ನ ನಮ್ಮ ನಡುಮನೆಯಲ್ಲಿ ಇದ್ದವರು ಇಷ್ಟು ಮಂದಿ. ಟಿವಿಯ ಮುಂದೆ ಕಾಲು ಚಾಚಿ ಕೂತ ಶಾಂತತ್ತಿ, ಅಂದರೆ ಅಪ್ಪನ ತಂಗಿ. ಅವಳ ಬೆನ್ನಿಗೆ ಅಂಟಿಕೊಂಡು ನಾನು. ಗೋಡೆಗೆ ಒರಗಿದ ಓಣಿಯ ನಾಲ್ಕು ಹೆಂಗಸರು. ಟಿವಿಗೆ ಬೆನ್ನು ಮಾಡಿ ಹೂಬತ್ತಿ ಹೊಸೆಯುತ್ತಿದ್ದ ಆಯಿ, ಅಪ್ಪನ ಅವ್ವ. ಕೆಲಸವಿಲ್ಲದ ಮಗ್ಗದ ಹಲಗೆಯ ಮೇಲೆ, ಬೇರೆಲ್ಲಿ ಕೂಡಬೇಕೆಂದು ತಿಳಿಯದೆ, ಅಲ್ಲೇ ಕೂತ ಅಪ್ಪ. ಒಳಕೋಣೆಯ ಬಾಗಿಲಿನ ಆಚೆ, ಹಗ್ಗಕ್ಕೆ ನೇತುಹಾಕಿದ ನೂಲಿನ ಲಡಿಗಳ ಕೆಳಗೆ, ನನ್ನ ಅವ್ವ ಮಲಗಿದ್ದಳು. ಅವಳನ್ನು ಇದ್ದವರಲ್ಲಿ ಸೇರಿಸಬೇಕೋ ಬೇಡವೋ ಎನ್ನುವುದು ಆಗ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಿಟಕಿಗೆ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ದಪ್ಪನೆಯ ಕೌದಿ ಕಟ್ಟಿದ್ದರು. ಹೊಲಿಗೆ ಸಡಿಲಾದ ಕಡೆಯಿಂದ ಬಿಸಿಲು ಸಾಸಿವೆ ಕಾಳಿನಷ್ಟು ಸಣ್ಣಗೆ ಒಳಗೆ ಬಂದು ನೆಲದ ಮೇಲೆ ಚೆಲ್ಲಿಕೊಂಡಿತ್ತು. ಈಗಲೂ ಕಣ್ಣು ಮುಚ್ಚಿದರೆ ಮೊದಲು ಕಾಣುವುದು ಆ ಸಾಸಿವೆ ಬಿಸಿಲು. ದೆವ್ವ ಆಮೇಲೆ ಬರುತ್ತದೆ.

ನೇಕಾರರ ಮನೆಯಲ್ಲಿ ಅಮಾಸಿಯೆಂದರೆ ರಜೆ. ಉಳಿದ ದಿನವೆಲ್ಲ ಗಜೇಂದ್ರಗಡದ ನಮ್ಮ ಓಣಿ ಲಟಕ್ ಪಟಕ್, ಲಟಕ್ ಪಟಕ್ ಎಂದು ಒಂದೇ ಸಮನೆ ಉಸಿರಾಡುತ್ತಿತ್ತು. ಆ ಸದ್ದಿನಲ್ಲೇ ನಾವು ಹುಟ್ಟಿ, ಆ ಸದ್ದಿನಲ್ಲೇ ನಿದ್ದೆ ಕಲಿತವರು. ಅಮಾಸಿ ದಿನ ಅದು ನಿಂತರೆ ಕಿವಿಯೊಳಗೆ ಹತ್ತಿ ತುರುಕಿದ ಹಾಗೆ ಆಗುತ್ತಿತ್ತು. ಊರ ಹಿಂದಿನ ಗುಡ್ಡ ಒಂದು ಹೆಜ್ಜೆ ಮುಂದೆ ಬಂದು ಬಗ್ಗಿ ನೋಡುತ್ತಿದೆ ಅನ್ನಿಸುತ್ತಿತ್ತು. ಮುಂಜಾನೆ ಅಪ್ಪ ಲಾಳಿ ತೊಳೆದು, ಮಗ್ಗಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆಯುತ್ತಿದ್ದ. ಆಯಿ ಹೋಳಿಗೆ ಮಾಡುತ್ತಿದ್ದಳು. ಉಂಡು ಕೈ ತೊಳೆದ ಮೇಲೆ ಮನೆಮಂದಿಗೆಲ್ಲ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ದುಡಿಯುವ ಕೈಗಳು ಸುಮ್ಮನೆ ಮಡಿಲಲ್ಲಿ ಬಿದ್ದುಕೊಂಡರೆ ನೋಡಲಿಕ್ಕೇ ಒಂದು ನಮೂನೆ ಹೆದರಿಕೆ. ಬೇರೆ ಊರುಗಳಲ್ಲಿ ದೆವ್ವ ಅಮಾಸಿ ರಾತ್ರಿ ಬರುತ್ತವಂತೆ. ನಮ್ಮ ಮನೆಗೆ ಬರುತ್ತಿದ್ದದ್ದು ಹೋಳಿಗೆ ಉಂಡ ಮೇಲೆ, ಮಟಮಟ ಮಧ್ಯಾಹ್ನ.

ಕರೆತರುತ್ತಿದ್ದವಳು ಶಾಂತತ್ತಿ. ನರಗುಂದದ ಗಂಡನ ಮನೆಯಿಂದ ಒಂದು ದಿನ ಟ್ರಂಕು ಹಿಡಿದು ಬಸ್ಸಿಳಿದು ಬಂದವಳು ಮತ್ತೆ ಹೋಗಲಿಲ್ಲ. ಯಾಕೆಂದು ಅವಳೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಅಪ್ಪ ಹಿತ್ತಲಲ್ಲಿ ಒಲೆ ಹೂಡಿ, ಬಣ್ಣದ ಹಂಡೆ ಇಟ್ಟುಕೊಟ್ಟ. ಸೀರೆಯ ಸೆರಗಿನ ನೂಲಿಗೆ ಕೆಂಪು ಕಾಸಿ ಹಚ್ಚುವ ಕೆಲಸ ಅವಳ ಪಾಲಿಗೆ ಬಂತು. ವರ್ಷ ತುಂಬುವುದರೊಳಗೆ ಅವಳ ಕೈ ಮೊಣಕೈ ತನಕ ಕೆಂಪಾಗಿ, ಎಷ್ಟು ತಿಕ್ಕಿದರೂ ಹೋಗದಂತಾಯಿತು. ಅವಳು ಬಡಿದ ರೊಟ್ಟಿಯ ಅಂಚಿಗೆ ಒಂದು ನಸುಗೆಂಪು ಬೆರಳಚ್ಚು ಇರುತ್ತಿತ್ತು. ಬುಟ್ಟಿಯಲ್ಲಿ ಅದನ್ನೇ ಹುಡುಕಿ ತೆಗೆದು ನಾನು ಉಣ್ಣುತ್ತಿದ್ದೆ.

ಟಿವಿ, ಕ್ಯಾಸೆಟ್ ಹಾಕುವ ಪೆಟ್ಟಿಗೆ ಎರಡೂ ನಮ್ಮೂರಲ್ಲೇ ಬಾಡಿಗೆಗೆ ಸಿಗುತ್ತಿದ್ದವು. ಆದರೆ ಇಲ್ಲಿನ ಅಂಗಡಿಯ ಕ್ಯಾಸೆಟ್ಟುಗಳು ಒಂದೋ ದೇವರವು, ಇಲ್ಲವೇ ಅಳುವವು, ಇಲ್ಲವೇ ಹೊಡೆದಾಡುವವು. ಶಾಂತತ್ತಿಗೆ ಬೇಕಾದದ್ದು ರೋಣದಲ್ಲಿತ್ತು. ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ರೇಡಿಯೋ ರಿಪೇರಿ ಮಾಡುವವನೊಬ್ಬ ಹಲಗೆಯ ಕೆಳಗೆ ಹೆಸರಿಲ್ಲದ ಕ್ಯಾಸೆಟ್ಟು ಇಟ್ಟಿದ್ದ. ಎಲ್ಲೋ ಯಾರೋ ಇಳಿಸಿಕೊಂಡದ್ದು, ಇಳಿಸಿಕೊಂಡದ್ದನ್ನು ಮತ್ತೆ ಇಳಿಸಿದ್ದು. ಚಿತ್ರದ ಮೇಲೆ ಮಳೆ ಹೊಡೆದ ಹಾಗೆ ಗೆರೆಗಳು. ಕ್ಯಾಸೆಟ್ಟಿನ ಮೇಲೆ ಪೆನ್ನಿನಿಂದ ಚುಕ್ಕೆ ಇಡುತ್ತಿದ್ದ. ಒಂದು ಚುಕ್ಕೆ ಇದ್ದರೆ ಬರೀ ಹೆದರಿಕೆ. ಎರಡಿದ್ದರೆ ರಕ್ತ. ಮೂರಿದ್ದರೆ ಅವನೇ ಎಚ್ಚರಿಕೆ ಕೊಡುತ್ತಿದ್ದ.

"ಅಕ್ಕಾರ, ಇದನ್ನ ಊಟಾ ಮಾಡಿ ನೋಡಬ್ಯಾಡ್ರಿ."

"ಊಟಾ ಬಿಟ್ಟು ನೋಡಿದ್ರ ಹೊಟ್ಯಾಗ ಏನ ತಿರುವಬೇಕೋ ಯಪ್ಪಾ? ಕೊಡು ಅದನ್ನ."

"ಇದನ್ನ ನೋಡವರ ಇಲ್ರಿ. ರೋಣದಾಗ ಮೂರ ಮಂದಿ, ಅಬ್ಬಿಗೇರ್ಯಾಗ ಒಬ್ರು ಮಾಸ್ತರು, ಮತ್ತ ನೀವು."

ಆ ಅಬ್ಬಿಗೇರಿ ಮಾಸ್ತರನ್ನು ನಾವು ಯಾವತ್ತೂ ಕಾಣಲಿಲ್ಲ. ಆದರೆ ಪೂರ್ತಿ ಹಿಂದಕ್ಕೆ ಸುತ್ತದೆ ಬಿಟ್ಟ ಕ್ಯಾಸೆಟ್ಟು ಹಚ್ಚಿದಾಗ ಮೊದಲಿನಿಂದ ಶುರುವಾಗದೆ, ನಡುವೆ ಯಾವುದೋ ಕೈ ನೆಲ ಸೀಳಿ ಮೇಲೆ ಬರುವಲ್ಲಿಂದ ಶುರುವಾದರೆ, ಶಾಂತತ್ತಿ ಪ್ರೀತಿಯಿಂದ "ಮಾಸ್ತರು ಇಲ್ಲಿ ಎರಡು ಸಲ ನೋಡ್ಯಾರ ನೋಡ್ರಿ" ಅನ್ನುತ್ತಿದ್ದಳು. ಮುಖ ಕಾಣದ ಒಬ್ಬ ಮನುಷ್ಯನಿಗೂ ನಮಗೂ ಒಂದೇ ಹೆದರಿಕೆಯ ನಂಟು. ಈಗ ನನ್ನ ಮೊಮ್ಮಗಳು ಹೇಳುತ್ತಾಳೆ, ಇಂಥ ಸಿನಿಮಾಗಳನ್ನೇ ಹುಡುಕಿ ಹುಡುಕಿ ನೋಡುವ ಪಂಗಡಗಳು ಲೋಕದ ತುಂಬ ಇವೆಯಂತೆ, ಮಾತು ಮಾತಿಗೂ ಅದನ್ನೇ ನೆನೆಯುತ್ತಾರಂತೆ. ಇರಲಿ. ನಮ್ಮ ಪಂಗಡದಲ್ಲಿ ಐದು ಮಂದಿಯಿದ್ದರು, ಅದರಲ್ಲಿ ಒಬ್ಬಳು ನನ್ನ ಅತ್ತಿ.

ಸಿನಿಮಾದ ಮಾತು ಇಂಗ್ಲಿಷೋ, ಇನ್ನಾವ ದೇಶದ್ದೋ, ಯಾರಿಗೂ ತಿಳಿಯುತ್ತಿರಲಿಲ್ಲ. ಕತೆಯನ್ನು ಶಾಂತತ್ತಿಯೇ ಕಟ್ಟುತ್ತಿದ್ದಳು. ಹಿಮ ಬೀಳುವ ಊರಿನ ಕಟ್ಟಿಗೆ ಮನೆಯಲ್ಲಿ ಬಿಳಿ ಅಂಗಿ ತೊಟ್ಟು ಓಡಾಡುವ ಹೆಂಗಸು ಅವಳ ಬಾಯಲ್ಲಿ ನಮ್ಮ ಓಣಿಯವಳಾಗುತ್ತಿದ್ದಳು.

"ಈಕಿ ದೊಡ್ಡ ಸೊಸಿ. ಅತ್ತಿ ಸತ್ತು ಮೂರ ದಿನ ಆಗಿಲ್ಲ, ತಿಜೋರಿ ಕೀಲಿ ಹುಡಕಾಕ ನೆಲಮಾಳಿಗಿಗೆ ಹೊಂಟಾಳ."

"ಹೋಗಬಾರದಿತ್ತವಾ!"

"ಹೋಗೇ ಹೊಕ್ಕಾಳ. ಹಿರ್ಯಾರ ಮಾತು ಕೇಳಿದ್ರ ಸಿನಿಮಾ ಎಲ್ಲೆ ಆಗತೈತಿ?"

ನೆಲಮಾಳಿಗೆಯಲ್ಲಿ ಸತ್ತವರು ಎದ್ದು ಕೂತು ಯಾವನದೋ ಹೊಟ್ಟೆ ಬಗೆದು ಕರುಳು ಎಳೆದರೆ, ಉಳಿದ ಹೆಂಗಸರು ಸೆರಗನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದರು. ಶಾಂತತ್ತಿ ಮಾತ್ರ ಕಸುಬಿನ ಕಣ್ಣಿನಿಂದ ನೋಡುತ್ತಿದ್ದಳು. "ಎಳಿ ಸಿಕ್ಕಾಗ್ಯಾವ ನೋಡ್ರಿ. ಬಿಡಸಾಕ ನಮ್ಮ ಅಣ್ಣನ್ನ ಕರೀರಿ." ಮಗ್ಗದ ಮೇಲೆ ಕೂತ ಅಪ್ಪ ನಗು ತಡೆಯಲಾರದೆ ಕೆಮ್ಮುತ್ತಿದ್ದ. ಆಯಿ ಬೆನ್ನು ಮಾಡಿ ಕೂತಲ್ಲಿಂದಲೇ "ಥೂ, ಶಿವ ಶಿವ" ಅನ್ನುತ್ತಿದ್ದಳು. ನೋಡದೆ ಇದ್ದವಳಿಗೆ ಸರಿಯಾದ ಜಾಗದಲ್ಲೇ ಥೂ ಅನ್ನಲು ಹೇಗೆ ಬರುತ್ತದೆ ಎಂದು ನನಗೆ ಆಗಲೇ ಅನುಮಾನವಿತ್ತು. ಮುಗಿದ ಮೇಲೆ ಕೌದಿ ಬಿಚ್ಚುತ್ತಿದ್ದರು. ಧಡಕ್ಕನೆ ಬಿಸಿಲು. ಕಣ್ಣು ಕಿರಿದು ಮಾಡಿಕೊಂಡು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ, ಏನೋ ಒಟ್ಟಿಗೆ ಕದ್ದು ತಿಂದವರ ಹಾಗೆ ನಗುತ್ತಿದ್ದರು. ಚುರುಮುರಿಗೆ ಉಳ್ಳಾಗಡ್ಡಿ, ಹುಳಿ ಹಾಕಿ ಗಿರಮಿಟ್ಟು ಕಲಸುತ್ತಿದ್ದರು. ಆ ದಿನದ ಗಿರಮಿಟ್ಟಿಗೆ ಇದ್ದ ರುಚಿ ಆಮೇಲೆ ಯಾವ ಊರಿನಲ್ಲೂ ನನಗೆ ಸಿಕ್ಕಿಲ್ಲ.

ನಾನು ಹೆದರುತ್ತಿದ್ದೆ. ಮರುದಿನ ಮಗ್ಗದ ತಗ್ಗಿಗೆ ಕಾಲು ಇಳಿಬಿಟ್ಟು ಕೂಡಲು ಧೈರ್ಯ ಸಾಲುತ್ತಿರಲಿಲ್ಲ, ಕೆಳಗಿನಿಂದ ಯಾರಾದರೂ ಹಿಡಿದು ಎಳೆದರೆ? ಒಂದು ದಿನ ಬಣ್ಣದ ಹಂಡೆಯ ಹತ್ತಿರ ಕೂತು ಕೇಳಿದೆ.

"ಅತ್ತೀ, ನಿನಗ ಅಂಜಿಕಿ ಬರಂಗಿಲ್ಲೇನು?"

"ಬರತೈತಿ. ಅದಕ್ಕ ನೋಡ್ತೀನಿ."

"ಹಂಗಂದ್ರ?"

ಅವಳು ಕೋಲಿನಿಂದ ನೂಲಿನ ಲಡಿ ಎತ್ತಿ, ತೊಟ್ಟಿಕ್ಕುವ ಕೆಂಪನ್ನು ಬಿಸಿಲಿಗೆ ಹಿಡಿದು ನೋಡಿದಳು.

"ನಾ ಇದ್ದ ಮನ್ಯಾಗ ಅಂಜಿಕಿ ಬಂದ್ರ ಬಾಯಿ ಮುಚಗೊಂಡು ಕುಂಡರಬೇಕಿತ್ತು ಕಮಲೀ. ಇಲ್ಲೆ ದೆವ್ವ ದೆವ್ವಾಗೇ ಬರತೈತಿ. ಅಂಜಿದವರು ಚೀರತಾರ. ಚೀರಿದ ಮ್ಯಾಲೆ ಗಿರಮಿಟ್ಟು ತಿಂತಾರ. ಇಷ್ಟು ಖರೇ ಇರೂದು ಬ್ಯಾರೆ ಎಲ್ಲೆ ಐತಿ ಹೇಳು?"

ನನಗೆ ಅರ್ಥವಾಗಲಿಲ್ಲ. ನೆನಪಿನಲ್ಲಿ ಇಟ್ಟುಕೊಂಡೆ ಅಷ್ಟೆ. ಹಿರಿಯರಿಂದ ಮಾತು ಕಲಿತವರ ಪಾಡು ಇದೇ. ಮಾತು ಮೊದಲು ಬಂದು ಮೂಲೆಯಲ್ಲಿ ಕೂತಿರುತ್ತದೆ, ಅರ್ಥ ಆಮೇಲೆ ಬಂದು ಪಕ್ಕದಲ್ಲಿ ಕೂಡುತ್ತದೆ.

ಆ ವರ್ಷ ಸಂಕ್ರಾಂತಿಯ ಬೆನ್ನಿಗೆ ಅವ್ವನಿಗೆ ಹೆರಿಗೆಯಾಯಿತು. ದವಾಖಾನಿಗೆ ಕರೆದೊಯ್ಯಲು ಅಪ್ಪ ಗಾಡಿ ತರುವುದರೊಳಗೆ ಒಳಕೋಣೆಯಲ್ಲೇ ಆಗಿಬಿಟ್ಟಿತು. ನನಗೊಬ್ಬ ತಮ್ಮ. ಎರಡು ಸಲ ಬಾಯಿ ತೆರೆದು ಮುಚ್ಚಿದನಂತೆ, ಮೂರನೆಯ ಸಲ ತೆರೆಯಲಿಲ್ಲ. ಅವ್ವ ಉಳಿದಳು, ಆದರೆ ಅವಳ ಮೈಯಿಂದ ಹೋದ ರಕ್ತ ಎಷ್ಟೆಂದರೆ ಮೂರು ಕೌದಿ ತೊಯ್ದಿದ್ದವು. ಶಾಂತತ್ತಿ ಅವನ್ನು ಹಿತ್ತಲಿಗೆ ಒಯ್ದು ತೊಳೆದಳು. ಕೆಂಪು ನೀರು ಗಟಾರಕ್ಕೆ ಇಳಿದು, ಓಣಿಯುದ್ದಕ್ಕೂ ಹರಿದು ಹೋಯಿತು. ನಾನು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದೆ. ಮಂದಿ ಅದನ್ನು ದಾಟಿಕೊಂಡು ಹೋದರು. ನಮ್ಮ ಓಣಿಯ ಗಟಾರದಲ್ಲಿ ಕೆಂಪು ನೀರು ಹರಿದರೆ ಯಾರೂ ತಿರುಗಿ ನೋಡುವುದಿಲ್ಲ. ಬಣ್ಣ ಅಂದುಕೊಳ್ಳುತ್ತಾರೆ.

ಅಳುವುದಕ್ಕೆ ನಮ್ಮ ಮನೆಯಲ್ಲಿ ಅಪ್ಪಣೆಯಿರಲಿಲ್ಲ. ಕೈಗೂಸಿಗಾಗಿ ಅತ್ತರೆ ಮತ್ತೊಂದು ಕೂಸು ಆ ಮನೆ ಹುಡುಕಿಕೊಂಡು ಬರುವುದಿಲ್ಲ ಎಂದು ಆಯಿಯ ನಂಬಿಕೆ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆಯಿಯೂ ಎರಡು ಕಳೆದುಕೊಂಡವಳು, ಅವಳ ಅತ್ತಿ ಅವಳಿಗೆ ಹೇಳಿದ್ದನ್ನೇ ಅವಳು ದಾಟಿಸಿದಳು. ಅದೂ ಅಲ್ಲದೆ ಎರಡು ಮನೆಗೆ ಒಂದೇ ಗೋಡೆ, ಇಲ್ಲಿ ಬಿಕ್ಕಿದರೆ ಅಲ್ಲಿ ಕೇಳುತ್ತದೆ. ಹೀಗಾಗಿ ಅವ್ವ ಅಳಲಿಲ್ಲ. ಆಮೇಲೆ ಮಾತಾಡುವುದನ್ನೂ ಬಿಟ್ಟಳು. ತಾಟು ಮುಂದಿಟ್ಟರೆ ನಾಲ್ಕು ತುತ್ತು ಉಣ್ಣುತ್ತಿದ್ದಳು. ನಾನು ಕರೆದರೆ ನನ್ನ ಕಡೆ ನೋಡುತ್ತಿದ್ದಳು, ಬಸ್ಸಿನ ಕಿಟಕಿಯಿಂದ ಯಾವುದೋ ಊರನ್ನು ನೋಡುವ ಹಾಗೆ.

ಮನೆಯ ಕಸುಬಿಗೂ ಅದು ತಟ್ಟಿತು. ನಮ್ಮ ಸೀರೆಯ ಒಡಲಿಗೆ ಒಂದು ಹಾಸು, ಅಂದರೆ ಮಗ್ಗಕ್ಕೆ ಬಿಗಿದ ಉದ್ದೆಳೆಗಳು, ಸೆರಗಿಗೆ ಇನ್ನೊಂದು. ಎರಡು ಹಾಸಿನ ಎಳೆ ಎಳೆಯನ್ನೂ ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸಬೇಕು. ಅದು ಹೆಂಗಸರ ಬೆರಳಿನ ಕೆಲಸ, ಅವ್ವನ ಬೆರಳು ಅದರಲ್ಲಿ ಓಣಿಗೇ ಹೆಸರಾದದ್ದು. ಅವಳು ಕೂಡಿಸಿದ ಕಡೆ ಕೈ ಆಡಿಸಿದರೆ ಒಡಲು ಎಲ್ಲಿ ಮುಗಿಯಿತು, ಸೆರಗು ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ಅವಳು ಮಲಗಿದ ಮೇಲೆ ಅಪ್ಪ ಬೇರೆಯವರಿಂದ ಆ ಕೆಲಸ ಮಾಡಿಸಿದ. ಕೂಡಿದ ಕಡೆ ಗಂಟುಗಂಟಾಗಿ ಬೆರಳಿಗೆ ತಡೆಯುತ್ತಿತ್ತು. ಅಪ್ಪ ಆ ಗಂಟುಗಳ ಮೇಲೆ ಬೆರಳಾಡಿಸುತ್ತ ಕೂತಿರುತ್ತಿದ್ದ.

ಕಡೆಗೆ ಜಕ್ಕಲಿಯಿಂದ ಸೋದರಮಾವ ಹೇಳಿಕಳಿಸಿದ. ಅಮಾಸಿ ಆದ ಮರುದಿನ ಬಂದು ಅಕ್ಕನನ್ನು ಕರೆದುಕೊಂಡು ಹೋಗುತ್ತೇನೆ ಎಂದು. ಆಯಿ ಮತ್ತು ಅಪ್ಪ ಮಾತಾಡುವುದನ್ನು ಜೋಳದ ಚೀಲದ ಹಿಂದೆ ಕೂತು ಕೇಳಿದೆ.

"ತವರಿಗೆ ಹೋಗಲಿ ಬಿಡು. ಸುಧಾರಿಸಿದ ಮ್ಯಾಲೆ ಬರ್ತಾಳ."

"ಸುಧಾರಿಸಲಿಲ್ಲಂದ್ರ?"

ಆಯಿ ಮೊರದಲ್ಲಿನ ಜೋಳಕ್ಕೆ ಕೈಯಾಡಿಸಿದಳು. ಹರಳಿಲ್ಲದ ಜೋಳದಲ್ಲಿ ಹರಳು ಹುಡುಕಿದಳು. ಆ ಸಂಜೆ ಅವ್ವನ ಟ್ರಂಕು ಅಟ್ಟದಿಂದ ಇಳಿಯಿತು. ಅದರ ಧೂಳು ಒರೆಸಿದವಳು ನಾನೇ. ಟ್ರಂಕುಗಳ ಬಗ್ಗೆ ನನಗೆ ಒಂದು ಸಂಗತಿ ಗೊತ್ತಿತ್ತು. ಶಾಂತತ್ತಿಯದು ನರಗುಂದದಿಂದ ಬಂದದ್ದು ವಾಪಸು ಹೋಗಿರಲಿಲ್ಲ. ಟ್ರಂಕು ಒಂದೇ ದಾರಿ ಹಿಡಿಯುತ್ತದೆ. ಅವ್ವ ಹೋದರೆ ಬರುವುದಿಲ್ಲ.

ಹೆರಿಗೆಯಾದ ಮೇಲೆ ಬಂದ ಅಮಾಸಿಗಳಲ್ಲಿ ನಮ್ಮ ಮನೆಗೆ ಟಿವಿ ಬಂದಿರಲಿಲ್ಲ. ಈ ಅಮಾಸಿಗೆ ಶಾಂತತ್ತಿ ಹಿಂದಿನ ದಿನವೇ ರೋಣಕ್ಕೆ ಹೋಗಿ ಬಂದಳು. ಚೀಲದಿಂದ ತೆಗೆದ ಕ್ಯಾಸೆಟ್ಟಿನ ಮೇಲೆ ಮೂರು ಚುಕ್ಕೆ. ಆಯಿ ಹೋಳಿಗೆಯ ಹೂರಣದ ಕೈಯಲ್ಲೇ ಎದ್ದು ಬಂದಳು.

"ನಿನಗ ಬುದ್ಧಿ ನೆಟ್ಟಗೈತೇನಲೇ ಶಾಂತಿ? ಬಾಣಂತಿ ಒಳಗ ಮಲಗ್ಯಾಳ. ರಗತ ಕಾಣಬಾರದಕಿ ಮುಂದ ರಗತದ ಸಿನಿಮಾ ಹಚ್ತೀಯೇನು?"

"ಅಕಿ ಕಾಣದ ರಗತ ಇನ್ನ ಯಾವುದ ಉಳದೈತಿ ಯವ್ವಾ?"

"ನಾಳಿ ಅಕಿ ತಮ್ಮ ಬರ್ತಾನ. ಹುಚ್ಚು ಹಿಡಿಸಿ ಕಳಸ್ಯಾರಂತ ಊರಾಗ ಡಂಗುರ ಹೊಡೀತಾನ."

"ಈಗ ಹ್ಯಾಂಗ ಕಳಸಾಕತ್ತೀರಿ? ಗೊಂಬಿ ಮಾಡಿ ಕಳಸಾಕತ್ತೀರಿ. ಅಳಾಕರೆ ಬಿಟ್ಟೀರೇನು ಅಕಿನ್ನ? ನೀವು ನನ್ನ ಮ್ಯಾಲೆ ಸಿಟ್ಟಾದ್ರ ಆಗ್ರಿ. ನಾಳಿ ಅಕಿ ಹೋದ ಮ್ಯಾಲೆ ಮನಿ ಭಣಭಣ ಅಂತೈತಿ, ಆವಾಗ ಚಂದಾಗಿ ಬೈರಿ."

ಆಯಿ ಅಪ್ಪನ ಮುಖ ನೋಡಿದಳು. ಅಪ್ಪ ಎದ್ದು, ಯಾರ ಕಡೆಗೂ ನೋಡದೆ, ಕಿಟಕಿಗೆ ಕೌದಿ ಕಟ್ಟಿದ. ಹೆರಿಗೆಯಲ್ಲಿ ತೊಯ್ದ ಆ ಮೂರರಲ್ಲಿ ಒಂದು. ಶಾಂತತ್ತಿ ಎಷ್ಟು ತೊಳೆದರೂ ಅದರ ಒಂದು ಮೂಲೆಯಲ್ಲಿ ಕಂದು ನೆರಳು ಉಳಿದಿತ್ತು. ಒಳಕೋಣೆಯ ಬಾಗಿಲನ್ನು ಆಯಿ ಎಳೆದು ಮುಚ್ಚಿದಳು. ಅದಕ್ಕೆ ಚಿಲಕವಿರಲಿಲ್ಲ. ಮೆಲ್ಲಗೆ ಅಂಗೈ ಅಗಲ ತೆರೆದುಕೊಂಡಿತು.

ಸಿನಿಮಾ ಶುರುವಾಯಿತು. ಹೊಸ ಕ್ಯಾಸೆಟ್ಟಾದರೂ ಅದೇ ಹಿಮದ ಊರು, ಕಟ್ಟಿಗೆ ಮನೆ, ತಿಜೋರಿ ಕೀಲಿ ಹುಡುಕುವ ಬಿಳಿ ಅಂಗಿಯ ದೊಡ್ಡ ಸೊಸೆ. ಶಾಂತತ್ತಿ ಎಂದಿನ ಹಾಗೆ ಕತೆ ಹೇಳತೊಡಗಿದಳು, ಆದರೆ ಆ ದಿನ ಅವಳ ದನಿ ಎಂದಿಗಿಂತ ದೊಡ್ಡದಿತ್ತು, ಗೋಡೆಯಾಚೆ ಕೂತವರಿಗೆ ಹೇಳುವ ಹಾಗೆ. ಸೊಸೆ ದೀಪ ಹಿಡಿದು ಮೆಟ್ಟಿಲು ಹತ್ತಿದಳು. ಮೇಲಿನ ಬಾಗಿಲು ತಾನಾಗಿ ತೆರೆಯಿತು. ಒಳಗಿನಿಂದ ರಕ್ತ, ಹಂಡೆ ಹಂಡೆ ರಕ್ತ, ಮೆಟ್ಟಿಲ ಮೇಲಿಂದ ಹಳ್ಳ ಬಂದ ಹಾಗೆ ಇಳಿದು ಬಂತು. ಹೆಂಗಸರು ಹೋ ಎಂದರು.

"ಎಷ್ಟು ಬಣ್ಣಾ ಹಾಳ ಮಾಡ್ಯಾರ ನೋಡ್ರಿ! ಇಷ್ಟಿದ್ರ ಹತ್ತ ಸೀರಿ ಸೆರಗ ಎದ್ದತಿದ್ದೆ ನಾನು," ಎಂದಳು ಶಾಂತತ್ತಿ. ಎಲ್ಲರೂ ನಕ್ಕರು.

"ಅದು ಸುಳ್ಳು."

ದನಿ ಬಾಗಿಲ ಸಂದಿಯಿಂದ ಬಂದಿತ್ತು. ಎಷ್ಟೋ ದಿನ ಬಳಸದ ಬಾವಿಯ ಗಾಲಿ ತಿರುಗಿದ ಹಾಗಿತ್ತು. ನನ್ನ ಕೈ ಶಾಂತತ್ತಿಯ ಬೆನ್ನ ಮೇಲಿತ್ತು, ಆ ಬೆನ್ನು ಕಲ್ಲಿನಂತೆ ಬಿಗಿಯಾದದ್ದು ನನಗೆ ಗೊತ್ತಾಯಿತು. ಆದರೆ ಅವಳು ತಿರುಗಿ ನೋಡಲಿಲ್ಲ. ಟಿವಿಯ ಕಡೆಗೇ ಮುಖವಿಟ್ಟು, ಅಂಗಡಿಯಲ್ಲಿ ನೂಲಿನ ದರ ಕೇಳುವಷ್ಟು ಸಾದಾ ದನಿಯಲ್ಲಿ ಅತ್ತಿಗೆಯನ್ನು ಕೇಳಿದಳು.

"ಯಾಕ ವೈನಿ? ಸುಳ್ಳು ಹ್ಯಾಂಗ?"

"ರಗತ ಅಷ್ಟು ಕೆಂಪ ಇರಂಗಿಲ್ಲ."

"ಹೌದೇನು? ನಾ ಬಣ್ಣಾ ಕಾಸಾಕಿ, ನನಗ ತಿಳಿವಲ್ದು. ಎಂಥಾ ಕೆಂಪ ಇರತೈತಿ?"

"ಸಾಕು, ಸಾಕು ಮಾಡ್ರಿ," ಎಂದಳು ಆಯಿ. ಯಾರೂ ಸಾಕು ಮಾಡಲಿಲ್ಲ.

"ಮೊದಲ ಕೆಂಪ," ಎಂದಳು ಅವ್ವ. ಬಾಗಿಲು ಇನ್ನಷ್ಟು ತೆರೆದಿತ್ತು. ಅವಳು ಹೊಸ್ತಿಲಿಗೆ ಬಂದು ಕೂತಿದ್ದಳು, ಟಿವಿಯ ಬೆಳಕು ಅವಳ ಮುಖದ ಮೇಲೆ ನೀಲಿಯಾಗಿ ಆಡುತ್ತಿತ್ತು. "ಆಮ್ಯಾಲೆ ಹುಣಸಿಹಣ್ಣಿನಂಗ ಆಗತೈತಿ. ಮುಂಜಾನಿ ನೋಡಿದ್ರ ಕರ್ರಗ. ಕೌದಿ ಬಿರಸಾಗತೈತಿ. ಉಗುರಿನ ಸಂದ್ಯಾಗ ಕುಂತಿದ್ದು ಹೋಗೂದಿಲ್ಲ ಶಾಂತಾ. ಎಷ್ಟ ತೊಳದ್ರೂ ಹೋಗೂದಿಲ್ಲ."

"ನನ್ನ ಕೈ ನೋಡ್ರಿ ವೈನಿ," ಎಂದು ಶಾಂತತ್ತಿ ಆಗ ತಿರುಗಿ, ತನ್ನ ಎರಡೂ ಕೈ ಚಾಚಿದಳು. "ನಂದೂ ಹೋಗಂಗಿಲ್ಲ."

ಅಷ್ಟರಲ್ಲಿ, ಎಲ್ಲರ ಲಕ್ಷ್ಯ ತಪ್ಪಿದ ಆ ಗಳಿಗೆಯಲ್ಲಿ, ಟಿವಿಯೊಳಗಿನ ಹೆಣ ಮೆಟ್ಟಿಲ ಕೆಳಗಿನಿಂದ ಚಂಗನೆ ಎದ್ದು ಬಂತು. ನಾವೆಲ್ಲರೂ ಒಟ್ಟಿಗೆ ಚೀರಿದೆವು. ಹೆಂಗಸರು ಚೀರಿದರು, ನಾನು ಚೀರಿದೆ, ಅಪ್ಪ ಕೂಡ ಏನೋ ಸದ್ದು ಮಾಡಿದ. ಅವ್ವನೂ ಚೀರಿದಳು. ನಮ್ಮದು ನಿಂತಿತು. ಅವಳದು ನಿಲ್ಲಲಿಲ್ಲ. ಉಸಿರು ಮುಗಿದರೆ ಎಳೆದುಕೊಂಡು ಮತ್ತೆ ಚೀರಿದಳು. ಮಗ್ಗದ ಮೇಲಿನ ಹಾಸು ಒಮ್ಮೆಗೇ ಹರಿದರೆ ಒಂದು ಸದ್ದು ಬರುತ್ತದೆ, ಅದನ್ನು ಕೇಳಿದವರಿಗೆ ಮಾತ್ರ ಅವಳ ದನಿ ಹೇಗಿತ್ತೆಂದು ಹೇಳಬಹುದು. ಓಣಿಯಲ್ಲಿ ಒಂದು ಮಗ್ಗವೂ ನಡೆಯುತ್ತಿರಲಿಲ್ಲ. ಒಂದು ಚೀರು ಹತ್ತು ಮನೆಗೆ ಕೇಳುವಂಥ ಮೌನ.

ಆಯಿ ಎದ್ದಳು. ಮಡಿಲಲ್ಲಿದ್ದ ಹೂಬತ್ತಿಗಳು ನೆಲಕ್ಕೆ ಚೆಲ್ಲಿದವು. ಅವ್ವನ ಬಾಯಿಗೆ ಕೈ ಒತ್ತಲು ಹೊರಟಳೆಂದೇ ನಾನು ತಿಳಿದೆ. ಆಯಿ ಹೋದದ್ದು ಟಿವಿಯ ಕಡೆಗೆ. ಮೂರು ಗುಂಡಿಗಳಿದ್ದವು. ಯಾವತ್ತೂ ಆ ಕಡೆ ಮುಖ ಮಾಡಿ ಕೂತವಳಲ್ಲ, ಆದರೂ ತಡವರಿಸದೆ ಸರಿಯಾದ ಗುಂಡಿಗೇ ಕೈ ಹಾಕಿ, ತಿರುಗುವಷ್ಟೂ ತಿರುಗಿಸಿ ದನಿ ಏರಿಸಿದಳು. ಮನೆ ಗಡಗಡ ನಡುಗಿತು. ಹೆಣಗಳು ಕೂಗಿದವು, ದೊಡ್ಡ ಸೊಸೆ ಕೂಗಿದಳು, ಯಾವುದೋ ನಾಯಿ ಬೊಗಳಿತು, ಎಲ್ಲದರ ನಡುವೆ ಅವ್ವ ಚೀರುತ್ತಲೇ ಇದ್ದಳು. ಓಣಿಯಲ್ಲಿ ಹಾದು ಹೋಗುವವರಿಗೆ ಎಲ್ಲವೂ ಸಿನಿಮಾವೇ. ಆಯಿ ಗುಂಡಿಯ ಮೇಲೆ ಇಟ್ಟ ಕೈ ತೆಗೆಯಲಿಲ್ಲ. ಮುಖ ಗೋಡೆಗೆ ಮಾಡಿ ನಿಂತಿದ್ದಳು, ಅವಳ ಹೆಗಲು ಅಲುಗುತ್ತಿದ್ದವು. ಒಬ್ಬೊಬ್ಬರಾಗಿ ಹೆಂಗಸರು ಎದ್ದು, ಬಗ್ಗಿಕೊಂಡು, ಸದ್ದಿಲ್ಲದೆ ಹೊರಗೆ ಹೋದರು. ಕ್ಯಾಸೆಟ್ಟು ಮುಗಿದು ತೆರೆಯ ಮೇಲೆ ಬರೀ ಬಿಳಿ ಚುಕ್ಕೆಗಳು ಸುರಿಯುವ ತನಕ ಆಯಿ ಹಾಗೇ ನಿಂತಿದ್ದಳು.

ಅವ್ವ ನೀರು ಕೇಳಿದಳು. ನಾನು ತಂಬಿಗೆ ತಂದೆ. ಎತ್ತಿ ಗಟಗಟ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಶಾಂತತ್ತಿಯನ್ನು ಕೇಳಿದಳು.

"ಆ ದೊಡ್ಡ ಸೊಸಿ ಏನಾದ್ಲು?"

"ಉಳದ್ಲು ವೈನಿ."

ನಾನು ಕೊನೆ ನೋಡಿರಲಿಲ್ಲ, ಶಾಂತತ್ತಿಯೂ ನೋಡಿರಲಿಲ್ಲ. ಕಳೆದ ವರ್ಷ ಮೊಮ್ಮಗಳ ಮೊಬೈಲಿನಲ್ಲಿ ಆ ಮೆಟ್ಟಿಲು, ಆ ಬಾಗಿಲು ಮತ್ತೆ ಕಂಡವು. ಕೆಳಗೆ ಅವರ ಮಾತಿನ ಅರ್ಥ, ಕನ್ನಡವಲ್ಲದಿದ್ದರೂ ಓದಲು ಬರುವ ಅಕ್ಷರದಲ್ಲಿ. ಕತೆ ಬೇರೆಯೇ ಇತ್ತು. ತಿಜೋರಿಯಿಲ್ಲ, ಅತ್ತಿಯಿಲ್ಲ, ಅವಳು ಯಾರ ಸೊಸೆಯೂ ಅಲ್ಲ. ಮತ್ತು ಅವಳು ಉಳಿಯುವುದಿಲ್ಲ. ನಾನು ಮೊಮ್ಮಗಳಿಗೆ ಶಾಂತತ್ತಿಯ ಕತೆಯನ್ನೇ ಹೇಳಿದೆ.

ಮರುದಿನ ಜಕ್ಕಲಿಯ ಮಾವ ಬಂದ. ಅವ್ವ ಒಲೆಯ ಮುಂದೆ ಕೂತಿದ್ದಳು. ತಮ್ಮನಿಗೆ ಬಿಸಿ ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ಕಣ್ಣು ಬಾತು ದನಿ ಒಡೆದಿತ್ತು, ಆದರೆ ಕೈ ಕೆಲಸ ಮಾಡುತ್ತಿತ್ತು. "ಟ್ರಂಕ ಎಲ್ಲೆ ಐತಿ ಅಕ್ಕಾ?" ಎಂದ ಅವನು. ಅವ್ವ ನನ್ನ ಕಡೆ ನೋಡಿದಳು. ಈ ಸಲ ನನ್ನನ್ನೇ ನೋಡಿದಳು. "ಅದನ್ನ ಮ್ಯಾಲೆ ಇಡಾಕ ನಿಮ್ಮ ಮಾವಗ ಕೈ ಹಚ್ಚು ಕಮಲೀ," ಎಂದಳು. ಮಾವ ಉಂಡು, ಟ್ರಂಕನ್ನು ಅಟ್ಟಕ್ಕೆ ಏರಿಸಿ, ಒಬ್ಬನೇ ಬಸ್ಸು ಹತ್ತಿದ.

ಅವಳು ಒಮ್ಮೆಲೇ ಮೊದಲಿನ ಹಾಗಾದಳು ಎಂದು ಹೇಳಿದರೆ ಸುಳ್ಳಾಗುತ್ತದೆ. ಮಾತು ಬಂತು, ಮಾತಿನ ನಡುವೆ ನಿಂತುಬಿಡುವುದೂ ಇತ್ತು. ಆದರೆ ಹಿತ್ತಲಲ್ಲಿ ಶಾಂತತ್ತಿಯ ಹಂಡೆಯ ಹತ್ತಿರ ಹೋಗಿ ಕೂಡತೊಡಗಿದಳು. ಶಾಂತತ್ತಿ ಅವಳು ಹೇಳಿದ ಕೆಂಪನ್ನು ಕಾಸಲು ಹಟ ಹಿಡಿದಿದ್ದಳು. ಕೆಂಪಿಗೆ ಕಂದು ಬೆರೆಸಿ, ಒಂದು ಹನಿ ಕಪ್ಪು ಬಿಟ್ಟು, ಎಳೆ ಅದ್ದಿ ತೋರಿಸುವುದು. ಅವ್ವ ತಲೆಯಾಡಿಸುವುದು. "ಇಲ್ಲ, ಇನ್ನ ಹುಣಸಿಹಣ್ಣ ಬರಲಿ." ಮತ್ತೆ ಅದ್ದುವುದು. ಎಷ್ಟು ಮುಂಜಾನೆಗಳು ಹಾಗೆ ಹೋದವೋ. ನಾನು ಕಟ್ಟಿಗೆ ಒಟ್ಟುತ್ತ, ಹೊಗೆಯಲ್ಲಿ ಆ ಇಬ್ಬರ ಮುಖ ಕರಗುವುದನ್ನೂ ಕೂಡುವುದನ್ನೂ ನೋಡುತ್ತಿದ್ದೆ. ಕಡೆಗೊಂದು ದಿನ ಅವ್ವ ಒದ್ದೆ ಎಳೆಯನ್ನು ಬೆರಳಿಗೆ ಸುತ್ತಿಕೊಂಡು ಬಹಳ ಹೊತ್ತು ನೋಡಿ "ಹ್ಞೂಂ, ಇದು" ಎಂದಳು. ಆ ಸೆರಗಿಗೆ ಕರಿಯ ಒಡಲು. ಕೊಂಡಿ ಹಾಕಿದವಳು ಅವ್ವ, ನೇಯ್ದವನು ಅಪ್ಪ. ನಮ್ಮ ಸೀರೆ ಕೊಳ್ಳುವ ಸಾವಕಾರ ಅದನ್ನು ಬಿಚ್ಚಿ ನೋಡಿ ಹಾಗೇ ಮಡಚಿದ.

"ಇದೇನ್ರಿ ಇದು, ಕೆಂಪೂ ಅಲ್ಲ ಕರೀದೂ ಅಲ್ಲ? ಮದಿವಿಗೂ ಬರಂಗಿಲ್ಲ, ಮಣ್ಣಿಗೂ ಬರಂಗಿಲ್ಲ."

ಯಾರೂ ಉಡದ ಆ ಸೀರೆಗೆ ಅವ್ವನೇ ಒಂದು ಕೆಲಸ ಕೊಟ್ಟಳು. ಮುಂದಿನ ಅಮಾಸಿಯಿಂದ ಸಿನಿಮಾ ಹಚ್ಚುವಾಗ ಕಿಟಕಿಗೆ ಕಟ್ಟಿದ್ದು ಕೌದಿಯಲ್ಲ, ಅದು. ಎರಡು ಮಡಿಕೆ ಹಾಕಿ ಕಟ್ಟಿದರೆ ಒಂದು ಸಾಸಿವೆ ಕಾಳಿನಷ್ಟೂ ಬಿಸಿಲು ಒಳಗೆ ಬರುತ್ತಿರಲಿಲ್ಲ. ಆದರೆ ಬಿಸಿಲು ಹಿಂದಿನಿಂದ ಬಿದ್ದಾಗ ಆ ಸೆರಗು ಒಳಗಿನಿಂದ ಮೆಲ್ಲಗೆ ಹೊತ್ತಿಕೊಂಡು, ಇಡೀ ನಡುಮನೆ ಹುಣಸೆಹಣ್ಣಿನ ಬಣ್ಣದ ನೆರಳಿನಲ್ಲಿ ತೇಲುತ್ತಿತ್ತು. ಅವ್ವ ಶಾಂತತ್ತಿಯ ಪಕ್ಕದಲ್ಲಿ ಕೂಡುತ್ತಿದ್ದಳು. ಅವಳು ಅಂಜಿದ್ದು ನನಗೆ ಕಾಣಲಿಲ್ಲ. ಆದರೆ ಚೀರುವ ಸಮಯ ಬಂದರೆ ಎಲ್ಲರಿಗಿಂತ ದೊಡ್ಡದಾಗಿ ಚೀರಿ, ಆಮೇಲೆ ಎಲ್ಲರಿಗಿಂತ ಮೊದಲು ನಗುತ್ತಿದ್ದಳು. ಆಯಿ ಹೂಬತ್ತಿ ಹೊಸೆಯುತ್ತ, ಟಿವಿಯ ಕಡೆಗೆ ಅರ್ಧ ತಿರುಗಿ ಕೂತಿರುತ್ತಿದ್ದಳು.

ಆಯಿ ಹೋದಳು, ಅಪ್ಪ ಹೋದ, ಕ್ಯಾಸೆಟ್ಟುಗಳೂ ಹೋದವು. ಶಾಂತತ್ತಿ ತೀರಿಕೊಂಡದ್ದು ಎಷ್ಟೋ ವರ್ಷಗಳ ಮೇಲೆ, ಒಂದು ಸಾದಾ ದಿನದ ಮಧ್ಯಾಹ್ನ. ಓಣಿಯಲ್ಲಿ ಅಷ್ಟಿಷ್ಟು ಉಳಿದ ಮಗ್ಗಗಳು ನಡೆಯುತ್ತಿದ್ದವು. ಸುದ್ದಿ ಹರಡಿ ಒಂದೊಂದಾಗಿ ನಿಂತವು. ನರಗುಂದದಿಂದ ಯಾರೂ ಬರಲಿಲ್ಲ. ಹೊದಿಸಲು ಯಾರೋ ಹೊಸ ಸೀರೆ ತಂದರು. ಅವ್ವ ಬೇಡವೆಂದಳು. ತಾನೇ ಸ್ಟೂಲು ಹತ್ತಿ, ಸಿನಿಮಾ ನಿಂತ ಮೇಲೂ ಪರದೆಯಾಗಿ ಉಳಿದಿದ್ದ ಆ ಸೀರೆಯನ್ನು ಕಿಟಕಿಯ ಮೊಳೆಯಿಂದ ಬಿಚ್ಚಿ ತಂದು, ಕೊಂಡಿಯ ಗೆರೆ ಎದೆಯ ಮೇಲೆ ಬರುವ ಹಾಗೆ ಶಾಂತತ್ತಿಗೆ ಹೊದಿಸಿದಳು. ಕೆಂಪು ಕೈಗಳನ್ನು ಮಾತ್ರ ಹೊರಗೆ ಬಿಟ್ಟಳು. ಕಿಟಕಿಗೆ ಏನೂ ಇರಲಿಲ್ಲ, ಬಿಸಿಲು ಧಾರಾಳ ಒಳಗೆ ಬಂದಿತ್ತು. ಅವ್ವ ಹೊಸ್ತಿಲ ಮೇಲೆ ಕೂತು, ಓಣಿಯ ಕಡೆಗೆ ಮುಖ ಮಾಡಿ, ಬಾಯಿ ತೆರೆದು ಚೀರಿದಳು.